ಗದಗಿಗೂ ರಾಯಚೂರಿಗೂ ನಡುವೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ನಾಲ್ಕು ತಾಲೂಕುಗಳ ಚರಿತ್ರೆಯನ್ನು ಬರೆಯ ಹೊರಟವರು ಸಾಮಾನ್ಯವಾಗಿ ಗವಿಮಠದ ಗುಡ್ಡದ ಮೇಲಿರುವ ಅಶೋಕನ ಶಾಸನದಿಂದ ಆರಂಭಿಸುತ್ತಾರೆ. ಅಲ್ಲಿಂದ ಇಟಗಿಯ ಮಹಾದೇವ ದೇವಾಲಯಕ್ಕೆ ಬರುತ್ತಾರೆ, ಆನೆಗೊಂದಿಯಲ್ಲಿ ಸ್ವಲ್ಪ ಕಾಲ ತಂಗುತ್ತಾರೆ, ಕಿನ್ನಾಳದ ಬಣ್ಣದ ಗೊಂಬೆಗಳನ್ನು ನಾಲ್ಕು ಮಾತಿನಲ್ಲಿ ಹೊಗಳಿ, ಮುನಿರಾಬಾದಿನ ಅಣೆಕಟ್ಟಿನ ನೀರಿನಲ್ಲಿ ಲೇಖನಿಯನ್ನು ತೊಳೆದು ಮುಗಿಸುತ್ತಾರೆ. ಅದೆಲ್ಲ ಸರಿಯೇ. ನಾನು ಮಾತ್ರ ಇಂದು ಈ ಯಾವ ಕಡೆಗೂ ವಾಚಕರನ್ನು ಕರೆದೊಯ್ಯುವುದಿಲ್ಲ. ಈ ಸೀಮೆಯ ಹುಡುಗರು ಅರ್ಧ ಶತಮಾನದಿಂದ ಸಂತೆಯ ಬಯಲಿನಲ್ಲಿ, ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳದಲ್ಲಿ ಮೂರು ಗೂಟ ನೆಟ್ಟು ಆಡುತ್ತ ಬಂದಿರುವ ಒಂದು ಆಟವನ್ನು ಕುರಿತು, ಆ ಆಟವನ್ನೇ ಜೀವನದ ಕಸುಬಾಗಿ ಮಾಡಿಕೊಂಡು ಹದಿನೈದು ಇಪ್ಪತ್ತು ವರ್ಷ ದುಡಿದ ಇಬ್ಬರನ್ನು ಕುರಿತು ಬರೆಯಬೇಕೆಂದಿದ್ದೇನೆ.

ಆ ಇಬ್ಬರೂ ನಮ್ಮ ನಾಲ್ಕು ತಾಲೂಕಿನವರಲ್ಲ. ಒಬ್ಬರು ನಮಗೆ ಪಶ್ಚಿಮದಲ್ಲಿರುವ ಗದಗಿನವರು. ಇನ್ನೊಬ್ಬರು ಪೂರ್ವದಲ್ಲಿರುವ ರಾಯಚೂರಿನಲ್ಲಿ ಹುಟ್ಟಿದವರು. ನಡುವೆ ಇರುವವರು ನಾವು. ಈ ನಡುವಿನ ನೆಲದ ಕತೆ ತಿಳಿಯಬೇಕಾದರೆ ಎರಡು ಕೊನೆಗಳನ್ನೂ ನೋಡಬೇಕಾಗುತ್ತದೆ.

ಆಟವನ್ನು ಕಸುಬು ಎಂದೆ. ಈ ಮಾತನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟವಿದೆ. ಅದರಲ್ಲಿ ಒಳಗಣದ ಕಾವಲುಗಾರರೆಂದು ನಾಲ್ವರಿರುತ್ತಾರೆ. ಇವರಲ್ಲಿ ಹಲವರು ಇಪ್ಪತ್ತರ ಹರೆಯದಲ್ಲಿ ಸಂಬಳಕ್ಕೆ ಸೇರಿ, ಊರಿಂದೂರಿಗೆ ತಂಡ ಬದಲಿಸುತ್ತ, ಒಂದು ವರ್ಷ ದೊಡ್ಡ ಲೀಗಿನಲ್ಲಿ ಕಾಣಿಸಿಕೊಂಡು ಮರುವರ್ಷ ಸಣ್ಣ ಲೀಗಿಗೆ ಇಳಿದು, ನಲವತ್ತರ ಹತ್ತಿರ ಬರುವವರೆಗೂ ಆಡುತ್ತಾರೆ. ಅವರ ಹೆಸರಿನಲ್ಲಿ ಪ್ರತಿಮೆಗಳು ಏಳುವುದಿಲ್ಲ. ಆದರೆ ಅವರಿಲ್ಲದಿದ್ದರೆ ಆಟವೇ ನಡೆಯುವುದಿಲ್ಲ. ನಮ್ಮ ಕ್ರಿಕೆಟ್ಟಿನಲ್ಲಿ ಅಂಥವರ ಠಾವು ರಣಜಿ ಪಂದ್ಯಗಳು. ಗವಾಸ್ಕರರ, ವಿಶ್ವನಾಥರ, ದ್ರಾವಿಡರ ಚರಿತ್ರೆಯನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ರಣಜಿಯಲ್ಲಿ ಕೂದಲು ನೆರೆಸಿದವರ ಚರಿತ್ರೆಯನ್ನು ಬರೆಯುವವರು ಕಡಿಮೆ.

ಮೊದಲು ನೆಲದ ಮಾತು. ಗದಗಿಗೂ ಕೊಪ್ಪಳಕ್ಕೂ ನಡುವಿನ ದಾರಿ ಅರವತ್ತು ಕಿಲೋಮೀಟರಿನ ಆಸುಪಾಸು. ಆದರೆ 1948ರ ಸೆಪ್ಟೆಂಬರದವರೆಗೆ ಅದು ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಕೊಪ್ಪಳ, ಯಲಬುರ್ಗಾ ನಿಜಾಮರ ಆಳಿಕೆಯೊಳಗಿನ ಸಾಲಾರ್ ಜಂಗರ ಜಹಗೀರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಹೂಡಿ ನಿಜಾಮರ ವಿರುದ್ಧ ಹೋರಾಟ ನಡೆಸಿದ್ದು ಈ ಗಡಿಯ ಆಚೆ ನಿಂತೇ. ಗಡಿಯ ಆಚೆ ಮುಂಬಯಿ, ಪುಣೆಗಳ ಗಾಳಿ ಬೀಸುತ್ತಿತ್ತು: ಹೈಸ್ಕೂಲು, ಕಾಲೇಜು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಅವುಗಳ ಹಿಂದೆಯೇ ಬಂದ ಕ್ರಿಕೆಟ್ಟು. ಗಡಿಯ ಈಚೆಗೂ ಕ್ರಿಕೆಟ್ಟು ಇರಲಿಲ್ಲವೆಂದಲ್ಲ. ಹೈದರಾಬಾದಿನ ನವಾಬರು ಅದರ ದೊಡ್ಡ ಪೋಷಕರು. ಮೊಯಿನ್-ಉದ್-ದೌಲಾ ಬಂಗಾರದ ಕಪ್ಪಿನ ಪಂದ್ಯಗಳಿಗೆ 1930ರಷ್ಟು ಹಿಂದೆಯೇ ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಬಂದು ಆಡಿದ್ದರು. 1937-38ರಲ್ಲಿ ಹೈದರಾಬಾದು ರಣಜಿ ಟ್ರೋಫಿಯನ್ನೇ ಗೆದ್ದಿತು. ಆದರೆ ಆ ವೈಭವ ಸಿಕಂದರಾಬಾದಿನ ಜಿಮಖಾನದ ಬೇಲಿಯೊಳಗಿನದು. ಕುಷ್ಟಗಿಯ ಹುಡುಗನಿಗೆ ಅಲ್ಲಿಂದ ಒಂದು ಹಳೆಯ ಚೆಂಡೂ ಉರುಳಿ ಬರಲಿಲ್ಲ. 1956ರ ನವೆಂಬರ್ 1ರಂದು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯದ ಗಡಿ ಒಂದೇ ದಿನದಲ್ಲಿ ಅಳಿಯಿತು. ಅಭ್ಯಾಸದ ಗಡಿ ಅಳಿಯಲು ಎರಡು ತಲೆಮಾರು ಬೇಕಾಯಿತು.

ಮುಂಬಯಿ ಕರ್ನಾಟಕದ ಕ್ರಿಕೆಟ್ಟೆಂದರೆ ಅದು ಚಿಲ್ಲರೆಯ ಮಾತಲ್ಲ. ಭಾರತದ ಮೊಟ್ಟಮೊದಲ ಮಹಾ ಬೌಲರ್ ಪಾಲವಣಕರ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1876ರಲ್ಲಿ. ಅಸ್ಪೃಶ್ಯರೆನಿಸಿಕೊಂಡ ಮನೆತನದಲ್ಲಿ ಹುಟ್ಟಿ, ಪುಣೆಯ ಯುರೋಪಿಯನ್ ಜಿಮಖಾನದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳದ ಆಳಾಗಿ ಸೇರಿ, ಸಾಹೇಬರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯುತ್ತ ಎಸೆಯುತ್ತ ಎಡಗೈ ಸ್ಪಿನ್ನಿನ ವಿದ್ಯೆಯನ್ನು ತಾನೇ ಕಲಿತವನು ಆತ. ಮೈದಾನದಲ್ಲಿ ಅವನ ಕೈಯ ಚೆಂಡನ್ನು ಮುಟ್ಟುತ್ತಿದ್ದ ಹಿಂದೂ ಜೊತೆಗಾರರು ಚಹದ ಹೊತ್ತಿಗೆ ಅವನಿಗೆ ಬೇರೆ ಮಣ್ಣಿನ ಕುಡಿಕೆಯಲ್ಲಿ, ಹೊರಗೆ, ಚಹ ಕೊಡಿಸುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡದಲ್ಲಿ ಅವನೊಬ್ಬನೇ 114 ಹುದ್ದರಿಗಳನ್ನು ಉರುಳಿಸಿದ. ಆಟದಿಂದ ಹೊಟ್ಟೆ ಹೊರೆದ ಮೊದಲ ಭಾರತೀಯರಲ್ಲಿ ಅವನೊಬ್ಬ. ಧಾರವಾಡದ ಮಣ್ಣಿನಲ್ಲಿ ಹುಟ್ಟಿದ ಎಡಗೈ ಸ್ಪಿನ್ನಿನ ಈ ವಿದ್ಯೆ ಸುಮಾರು ನೂರು ವರ್ಷಗಳ ಮೇಲೆ ಅದೇ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನಲ್ಲಿ ಮತ್ತೆ ಚಿಗುರಿದ್ದನ್ನು ಕಾಕತಾಳೀಯವೆಂದೇ ಹೇಳಬೇಕು. ಆದರೂ ನೆನಪಿಗೆ ತರದೆ ಇರಲಾರೆ.

ಸುನಿಲ್ ಬಂಡಾಚಾರ್ಯ ಜೋಶಿ ಅವರು ಗದಗಿನಲ್ಲಿ ಹುಟ್ಟಿದ್ದು 1970ರ ಜೂನ್ 6ರಂದು. ಗದಗು ಎಂದೊಡನೆ ಕುಮಾರವ್ಯಾಸ ನೆನಪಾಗುತ್ತಾನೆ, ಬೆಟಗೇರಿಯ ಮಗ್ಗಗಳ ಸದ್ದು ನೆನಪಾಗುತ್ತದೆ, ಹಾಡಿನ ಗೀಳು ಹತ್ತಿ ಹುಡುಗತನದಲ್ಲೇ ಮನೆ ಬಿಟ್ಟು ರೈಲು ಹತ್ತಿದ ಭೀಮಸೇನ ಜೋಶಿಯವರು ನೆನಪಾಗುತ್ತಾರೆ. ಈ ಇನ್ನೊಬ್ಬ ಜೋಶಿಯವರು ಮನೆ ಬಿಡಲಿಲ್ಲ. ದಿನ ಬೆಳಗಾದರೆ ಸುಮಾರು 40 ಮೈಲಿ ಪಯಣಿಸಿ ಹುಬ್ಬಳ್ಳಿಗೆ ಹೋಗುತ್ತಿದ್ದರು, ಅಭ್ಯಾಸ ಮುಗಿಸುತ್ತಿದ್ದರು, ಶಾಲೆಯ ಗಂಟೆಗೆ ಸರಿಯಾಗಿ ಗದಗಿಗೆ ಮರಳುತ್ತಿದ್ದರು. ಅವರ ಚರಿತ್ರೆಯನ್ನು ಹೇಳಿದವರೆಲ್ಲ ಈ ಮಾತನ್ನು ಹೇಳಿ ಹುಡುಗನ ಛಲವನ್ನು ಕೊಂಡಾಡಿದ್ದಾರೆ. ಕೊಂಡಾಡಬೇಕಾದದ್ದೇ. ಆದರೆ ನನ್ನಂಥ ಕೊಪ್ಪಳದ ಸೀಮೆಯವನಿಗೆ ಈ ಸಂಗತಿಯಲ್ಲಿ ಇನ್ನೊಂದು ಕಾಣುತ್ತದೆ. 40 ಮೈಲಿ ಎಂಬುದು ಹೋಗಿ ಬರಬಹುದಾದ ದೂರ. ಗದಗು ಜಂಕ್ಷನ್ ಊರು. ಹುಬ್ಬಳ್ಳಿಗೆ ಹಳಿಯೂ ಇತ್ತು, ನೇರವಾದ ಮೋಟಾರು ರಸ್ತೆಯೂ ಇತ್ತು. ಅದೇ ಛಲದ ಹುಡುಗ ಕೊಪ್ಪಳದಲ್ಲಿ ಹುಟ್ಟಿದ್ದರೆ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಮೀರಿದ ದೂರ. ಯಲಬುರ್ಗಾದಲ್ಲೋ ಕುಷ್ಟಗಿಯಲ್ಲೋ ಹುಟ್ಟಿದ್ದರೆ ರೈಲಿನ ಮಾತೇ ಇಲ್ಲ. ಬೆಳಗಿನ ಮೊದಲ ಬಸ್ಸು ಹಿಡಿದರೂ ಶಾಲೆಯ ಗಂಟೆಗೆ ಮರಳುವ ಉಪಾಯವಿರಲಿಲ್ಲ. ಛಲಕ್ಕೂ ಒಂದು ಟೈಂಟೇಬಲ್ಲು ಬೇಕು.

ಗದಗು, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಪೋಣಿಸುವ ಈ ಹಳಿಯನ್ನು ದಕ್ಷಿಣ ಮರಾಠಾ ರೈಲ್ವೆ ಕಂಪನಿಯವರು ಹಾಕಿದ್ದು 1880ರ ದಶಕದಲ್ಲಿ. 1876-78ರ ಬರದಲ್ಲಿ ಜನ ಕಾಳಿಲ್ಲದೆ ಸತ್ತ ಮೇಲೆ, ಮತ್ತೆ ಬರ ಬಂದರೆ ಧಾನ್ಯ ಸಾಗಿಸಲೆಂದು. ಹಳಿ ಕೊಪ್ಪಳವನ್ನು ಮುಟ್ಟಿತು. ಉಳಿದ ಮೂರು ತಾಲೂಕುಗಳ ಊರುಗಳನ್ನು ಮುಟ್ಟಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಪರಿಸ್ಥಿತಿ ಹಾಗೆಯೇ ಉಳಿಯಿತು.

ಹೀಗೆ ಬೆಳೆದ ಜೋಶಿಯವರು ಕರ್ನಾಟಕದ ಪರವಾಗಿ ರಣಜಿಗೆ ಇಳಿದದ್ದು 1992-93ರಲ್ಲಿ, 22 ವರ್ಷ ತುಂಬಿದ ಮೇಲೆ. ಮೂರು ವರ್ಷಗಳ ನಂತರ, 1995-96ರ ಋತುವಿನಲ್ಲಿ, ಅವರು ಮಾಡಿದ ಕೆಲಸ ಸಾಮಾನ್ಯದ್ದಲ್ಲ: ಒಂದೇ ರಣಜಿ ಋತುವಿನಲ್ಲಿ 529 ಓಟ, 52 ಹುದ್ದರಿ. ಬ್ಯಾಟಿನಿಂದ ಒಂದು ತಂಡಕ್ಕೆ, ಚೆಂಡಿನಿಂದ ಇನ್ನೊಂದು ತಂಡಕ್ಕೆ ಸಾಲುವಷ್ಟು. ಆ ವರ್ಷ ಕುಂಬ್ಳೆಯವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಕೊನೆಯ ಬಾರಿಗೆ ಗೆದ್ದದ್ದು 1982-83ರಲ್ಲಿ. ಹದಿಮೂರು ವರ್ಷ ಕಾದ ಕಪ್ಪು.

ಅದರ ಬಹುಮಾನವೆಂಬಂತೆ ಇಂಗ್ಲೆಂಡಿನ ಪ್ರವಾಸ ಬಂತು. 1996ರ ಜೂನ್ 6ರಂದು, ಸರಿಯಾಗಿ ತಮ್ಮ 26ನೆಯ ಹುಟ್ಟುಹಬ್ಬದ ದಿನ, ಬರ್ಮಿಂಗ್‌ಹ್ಯಾಮಿನ ಎಡ್ಜ್‌ಬಾಸ್ಟನ್ ಮೈದಾನದಲ್ಲಿ ಗದಗಿನ ಹುಡುಗ ಮೊದಲ ಟೆಸ್ಟ್ ಆಡಿದರು. ಅದೇ ಪಂದ್ಯದಲ್ಲಿ ವೆಂಕಟೇಶ ಪ್ರಸಾದರಿಗೂ ಮೊದಲ ಟೆಸ್ಟು. ಶ್ರೀನಾಥ, ಕುಂಬ್ಳೆ ಮೊದಲೇ ಇದ್ದರು. ಭಾರತದ ಹನ್ನೊಂದು ಜನರಲ್ಲಿ ನಾಲ್ವರು ಕರ್ನಾಟಕದವರು! ಎರಡು ವಾರಗಳ ಮೇಲೆ ಲಾರ್ಡ್ಸ್ ಮೈದಾನದಲ್ಲಿ ಎರಡನೆಯ ಟೆಸ್ಟ್ ನಡೆದಾಗ ಜೋಶಿಯವರು ತಂಡದಲ್ಲಿರಲಿಲ್ಲ. ಆ ಪಂದ್ಯ ಚರಿತ್ರೆಗೆ ಸೇರಿದ್ದು ಇನ್ನಿಬ್ಬರ ಹೆಸರಿನಲ್ಲಿ. ಗಂಗೂಲಿಯವರ ಶತಕ, ದ್ರಾವಿಡರ 95. ಜೋಶಿಯವರ ಕ್ರೀಡಾಜೀವನದಲ್ಲಿ ಇಂಥದು ಮತ್ತೆ ಮತ್ತೆ ಆಗುವುದನ್ನು ಕಾಣುತ್ತೇವೆ: ಬಾಗಿಲು ತೆರೆಯುತ್ತದೆ, ಇವರು ಒಳಗೆ ಕಾಲಿಡುತ್ತಾರೆ, ಅಷ್ಟರಲ್ಲಿ ಬಾಗಿಲು ಮುಚ್ಚುತ್ತದೆ.

ಇದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಆ ಕಾಲದಲ್ಲಿ ಭಾರತ ತಂಡ ಹೊರದೇಶಕ್ಕೆ ಹೋದರೆ ಒಬ್ಬನೇ ಸ್ಪಿನ್ ಬೌಲರನನ್ನು ಆಡಿಸುವುದು ವಾಡಿಕೆ. ಆ ಒಬ್ಬ ಯಾವಾಗಲೂ ಅನಿಲ್ ಕುಂಬ್ಳೆ. ಮನೆಯಲ್ಲಿ ಆಡುವಾಗ ಇಬ್ಬರು ಮೂವರಿಗೆ ಅವಕಾಶ. ಆ ಎರಡನೆಯ, ಮೂರನೆಯ ಜಾಗಕ್ಕೆ ಹೈದರಾಬಾದಿನ ವೆಂಕಟಪತಿ ರಾಜು, ಮುಂಬಯಿಯ ನೀಲೇಶ ಕುಲಕರ್ಣಿ, ದೆಹಲಿಯ ರಾಹುಲ್ ಸಾಂಘ್ವಿ, ರೈಲ್ವೇಸಿನ ಮುರಳಿ ಕಾರ್ತಿಕ್ ಎಲ್ಲರೂ ಉಮೇದುವಾರರು, ಎಲ್ಲರೂ ಎಡಗೈಯವರು. ಎಡಗೈ ಸ್ಪಿನ್ನರನ ಹಣೆಬರಹ ನಮ್ಮ ದೇಶದಲ್ಲಿ ಹೀಗೆಯೇ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ಹುದ್ದರಿ ಪಡೆದೂ ಒಂದೇ ಒಂದು ಟೆಸ್ಟ್ ಆಡಲಿಲ್ಲ, ಬೇಡಿ ಇದ್ದರು. ಮುಂಬಯಿಯ ಪದ್ಮಾಕರ ಶಿವಲ್ಕರ್ ಅವರದೂ ಅದೇ ಕತೆ. ನಮ್ಮ ರಘುರಾಮ ಭಟ್ಟರನ್ನೇ ನೋಡಿ. 1981-82ರ ಉಪಾಂತ್ಯ ಪಂದ್ಯದಲ್ಲಿ ಬೆಂಗಳೂರಿನಲ್ಲಿ ಅವರು ಮುಂಬಯಿಯ ಬೆನ್ನು ಮುರಿದ ರೀತಿಗೆ ಬೆರಗಾಗಿ, ಚೆಂಡು ತಿರುಗುವ ದಿಕ್ಕನ್ನು ತಪ್ಪಿಸಿಕೊಳ್ಳಲು ಸುನಿಲ್ ಗವಾಸ್ಕರರಂಥವರು ಎಡಗೈ ದಾಂಡಿಗನಾಗಿ ನಿಂತು ಆಡಿದರು. ಜಗತ್ತಿನ ಶ್ರೇಷ್ಠ ದಾಂಡಿಗನಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಆದರೂ ಭಟ್ಟರಿಗೆ ದೊರೆತದ್ದು 1983ರಲ್ಲಿ ಎರಡು ಟೆಸ್ಟು. ಆ ಲೆಕ್ಕದಲ್ಲಿ ಜೋಶಿಯವರ 15 ಟೆಸ್ಟು, 69 ಒಂದು ದಿನದ ಪಂದ್ಯ ಕಡಿಮೆಯೇನಲ್ಲ ಎನ್ನುವವರಿದ್ದಾರೆ. ಲೆಕ್ಕ ಸರಿ. ಸಮಾಧಾನ ಮಾತ್ರ ಆಗುವುದಿಲ್ಲ.

1999ರ ಸೆಪ್ಟೆಂಬರ್ 26. ಸ್ಥಳ ಆಫ್ರಿಕದ ನೈರೋಬಿಯ ಜಿಮಖಾನ. ಎದುರಾಳಿ ದಕ್ಷಿಣ ಆಫ್ರಿಕ. ಆ ಬೇಸಗೆಯ ವಿಶ್ವಕಪ್ಪಿನಲ್ಲಿ ಫೈನಲಿನ ಹೊಸ್ತಿಲಲ್ಲಿ ಎಡವಿ ಬಿದ್ದ ಬಲಾಢ್ಯ ತಂಡ. ಜೋಶಿಯವರಿಗೆ ಚೆಂಡು ಕೊಟ್ಟರು. ಹತ್ತು ಓವರುಗಳು ಮುಗಿದಾಗ ಸ್ಕೋರು ಪುಸ್ತಕದಲ್ಲಿ ಬರೆದದ್ದು ಇಷ್ಟು: 10 ಓವರು, 6 ಮೇಡನ್, 6 ಓಟ, 5 ಹುದ್ದರಿ. ಕೈತಪ್ಪಿ ಬರೆದದ್ದಿರಬೇಕು ಎನ್ನಿಸುವಂಥ ಅಂಕಿ! ಅರವತ್ತು ಚೆಂಡುಗಳಲ್ಲಿ ಆರು ಓಟ. ಬಲಿಯಾದವರೂ ಬಾಲಂಗೋಚಿಗಳಲ್ಲ: ಡಿಪ್ಪೆನಾರ್, ಗಿಬ್ಸ್, ನಾಯಕ ಕ್ರೋನಿಯೆ, ಜಾಂಟಿ ರೋಡ್ಸ್, ಪೊಲಾಕ್. ಈ ರೋಡ್ಸ್ ಎಂಬುವರು ಒಳಗಣದ ಕಾವಲುಗಾರಿಕೆಯಲ್ಲಿ ಜಗತ್ತಿಗೇ ಮೇಲ್ಪಂಕ್ತಿ ಹಾಕಿಕೊಟ್ಟವರು. 1992ರ ವಿಶ್ವಕಪ್ಪಿನಲ್ಲಿ ಗಾಳಿಯಲ್ಲಿ ಹಾರಿ ಮೂರೂ ಗೂಟಗಳನ್ನು ಕೆಡವಿ ಇಂಜಮಾಮರನ್ನು ಓಡಿಸಿ ಔಟು ಮಾಡಿದವರು. ದಕ್ಷಿಣ ಆಫ್ರಿಕ 117ಕ್ಕೆ ಮುಗಿಯಿತು. ಭಾರತ ಎಂಟು ಹುದ್ದರಿಗಳಿಂದ ಗೆದ್ದಿತು.

ಈ ಬೌಲಿಂಗಿನ ಮರ್ಮವೇನು? ಎಡಗೈ ಸ್ಪಿನ್ನರನು ಚೆಂಡನ್ನು ಬಲಗೈ ದಾಂಡಿಗನ ಕಾಲ ಕಡೆಯಿಂದ ಹೊರಕ್ಕೆ ತಿರುಗಿಸುತ್ತಾನೆ. ತಿರುಗಿಸುವುದು ಬೆರಳುಗಳ ಕೆಲಸ, ಯಾರಾದರೂ ಕಲಿತಾರು. ಕಷ್ಟವಿರುವುದು ಗಾಳಿಯಲ್ಲಿ. ಒಂದೇ ತೋಳು, ಒಂದೇ ಓಟ, ಒಂದೇ ನೋಟ ಇದ್ದು, ಒಂದು ಚೆಂಡು ದಾಂಡಿಗ ಎಣಿಸಿದ್ದಕ್ಕಿಂತ ಒಂದು ಗೇಣು ಮುಂದೆ ಬೀಳಬೇಕು, ಮುಂದಿನದು ಒಂದು ಗೇಣು ಹಿಂದೆ. ಮೊದಲನೆಯದಕ್ಕೆ ಮುಂದೆ ಬಂದವನು ಎರಡನೆಯದಕ್ಕೆ ಎಡವುತ್ತಾನೆ. ಮ್ಯಾಟಿಂಗಿನ ಮೇಲೆ ಆಡಿ ಬೆಳೆಯುವ ಸಣ್ಣ ಊರಿನ ಹುಡುಗರಿಗೆ ಈ ವಿದ್ಯೆ ಸುಲಭವಾಗಿ ಹತ್ತುವುದಿಲ್ಲ, ಏಕೆಂದರೆ ನಾರಿನ ಚಾಪೆ ಯಾರು ಎಸೆದರೂ ಚೆಂಡನ್ನು ಪುಟಿಸುತ್ತದೆ, ತಿರುಗಿಸುತ್ತದೆ. ಎಸೆದವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಹುಲ್ಲು ಬೆಳೆಸಿ, ನೀರುಣಿಸಿ, ರೋಲರು ಉರುಳಿಸಿ ಹದ ಮಾಡಿದ ಮಣ್ಣಿನ ಪಿಚ್ಚು ಮಾತ್ರ ನಿಜ ಹೇಳುತ್ತದೆ. ವಿಪರ್ಯಾಸ ನೋಡಿ: ಅಂಥ ಪಿಚ್ಚಿಗೆ ಬೇಕಾದದ್ದು ಜಿಗಟಾದ ಕಪ್ಪು ಮಣ್ಣು. ಯಲಬುರ್ಗಾ, ಕುಷ್ಟಗಿಗಳ ಎರೆಭೂಮಿಯಲ್ಲಿ ಜೋಳ, ಕಡಲೆಗಳಿಗೆ ಇರುವ ಮಣ್ಣು ಆ ಜಾತಿಯದೇ. ಮಣ್ಣು ನಮ್ಮಲ್ಲಿತ್ತು. ರೋಲರು, ನೀರು, ಮಾಲಿ, ಇವು ಬೆಂಗಳೂರಿನಲ್ಲಿದ್ದವು.

ನೈರೋಬಿಯ ಮರುವರ್ಷ ಢಾಕಾ. 2000ದ ನವೆಂಬರ್ 10ರಂದು ಬಾಂಗ್ಲಾದೇಶ ತನ್ನ ಚರಿತ್ರೆಯ ಮೊಟ್ಟಮೊದಲ ಟೆಸ್ಟ್ ಪಂದ್ಯಕ್ಕೆ ಇಳಿಯಿತು. ಗಂಗೂಲಿಯವರಿಗೆ ನಾಯಕರಾಗಿ ಮೊದಲ ಟೆಸ್ಟು. ಹೊಸಬರೆಂದು ಹಗುರವಾಗಿ ಎಣಿಸಿದ್ದ ಬಾಂಗ್ಲಾದವರು, ಅಮಿನುಲ್ ಇಸ್ಲಾಮರ 145ರ ಬಲದಿಂದ, 400 ಓಟ ಹೊಡೆದು ಕುಳಿತರು. ಆ ಹೊಡೆತದ ನಡುವೆ ಜೋಶಿಯವರಿಗೆ 142 ಓಟಕ್ಕೆ 5 ಹುದ್ದರಿ. ಅನಂತರ ಬ್ಯಾಟು ಹಿಡಿದು ಭಾರತದ ತಂಡದಲ್ಲೆಲ್ಲ ಹೆಚ್ಚಿನ ಓಟ ಹೊಡೆದವರೂ ಅವರೇ: 92. ತೆಂಡೂಲ್ಕರ್, ದ್ರಾವಿಡ್, ಗಂಗೂಲಿ ಇರುವ ತಂಡದಲ್ಲಿ! ಭಾರತಕ್ಕೆ 29 ಓಟಗಳ ಮುನ್ನಡೆ ದೊರೆತದ್ದು ಇದರಿಂದಲೇ. ಎರಡನೆಯ ಸರದಿಯಲ್ಲಿ ಬಾಂಗ್ಲಾ 91ಕ್ಕೆ ಕುಸಿಯಿತು. ಅದರಲ್ಲೂ ಇವರಿಗೆ 3. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ನಿಸ್ಸಂದೇಹವಾಗಿ ಜೋಶಿಯವರಿಗೆ ಬಂತು.

ಅದೇ ತಿಂಗಳ 25ರಂದು ನಾಗಪುರದಲ್ಲಿ ಜಿಂಬಾಬ್ವೆಯ ವಿರುದ್ಧ ಆರಂಭವಾದ ಪಂದ್ಯವೇ ಜೋಶಿಯವರ ಕೊನೆಯ ಟೆಸ್ಟ್ ಆಯಿತು.

ಮುಂದಿನದನ್ನು ನಿಧಾನವಾಗಿ ಹೇಳಬೇಕು. 2001ರ ಫೆಬ್ರುವರಿ ಕೊನೆಯಲ್ಲಿ ಆಸ್ಟ್ರೇಲಿಯ ಬಂತು. ಆ ಸರಣಿಯನ್ನು ಮರೆತ ಭಾರತೀಯನಿಲ್ಲ. ಕಲ್ಕತ್ತೆಯಲ್ಲಿ ಲಕ್ಷ್ಮಣರ 281, ದ್ರಾವಿಡರ 180, ಹರಭಜನ್ ಸಿಂಗರ 32 ಹುದ್ದರಿ. ಕುಂಬ್ಳೆಯವರ ಭುಜಕ್ಕೆ ಪೆಟ್ಟಾಗಿತ್ತು. ಸ್ಪಿನ್ನರರಿಗೆ ಎಂದೂ ಇಲ್ಲದಷ್ಟು ಅವಕಾಶವಿತ್ತು. ಮೂರು ಟೆಸ್ಟುಗಳಲ್ಲಿ ಮೂವರು ಎಡಗೈ ಸ್ಪಿನ್ನರರನ್ನು ಪರೀಕ್ಷಿಸಿದರು: ಮುಂಬಯಿಯಲ್ಲಿ ಸಾಂಘ್ವಿ, ಕಲ್ಕತ್ತೆಯಲ್ಲಿ ರಾಜು, ಮದರಾಸಿನಲ್ಲಿ ಕುಲಕರ್ಣಿ. ಮೂರು ತಿಂಗಳ ಹಿಂದೆ ಟೆಸ್ಟ್ ಪಂದ್ಯದ ಶ್ರೇಷ್ಠ ಆಟಗಾರನಾಗಿದ್ದ ನಾಲ್ಕನೆಯವರನ್ನು ಯಾರೂ ಕರೆಯಲಿಲ್ಲ. ಬಾಂಗ್ಲಾದ ವಿರುದ್ಧದ ಆಟವನ್ನು ಆಟವೆಂದು ಎಣಿಸಬಾರದೆಂದು ಮಂಡಳಿಯವರು ಭಾವಿಸಿದ್ದಿರಬಹುದು. 30 ದಾಟಿದವನನ್ನು ಬಿಟ್ಟು ಎಳೆಯರನ್ನು ನೋಡೋಣವೆಂದು ಎಣಿಸಿದ್ದಿರಬಹುದು. ಆದರೆ ರಾಜು ಅವರು ಎಳೆಯರೇನಲ್ಲ. ಜೋಶಿಯವರಿಗಿಂತ ಒಂದು ವರ್ಷ ಹಿರಿಯರು. ಆಯ್ಕೆದಾರರನ್ನು ಬಯ್ಯುವುದು ನಮ್ಮ ದೇಶದ ಎರಡನೆಯ ಜನಪ್ರಿಯ ಆಟವಾದ್ದರಿಂದ ನಾನು ಆ ಕಡೆಗೆ ಹೋಗುವುದಿಲ್ಲ. ಇದರಲ್ಲಿ ಸಂಚು ಇತ್ತೆಂದು ನಾನು ನಂಬುವುದಿಲ್ಲ. ನ್ಯಾಯವೂ ಇರಲಿಲ್ಲವೆಂದು ಮಾತ್ರ ಹೇಳುತ್ತೇನೆ.

ಇಲ್ಲಿಗೆ ಕತೆ ಮುಗಿದಿದ್ದರೆ ಅದು ದುಃಖದ ಕತೆಯಾಗುತ್ತಿತ್ತು. ನನಗೆ ಜೋಶಿಯವರ ಬಗ್ಗೆ ನಿಜವಾದ ಗೌರವ ಹುಟ್ಟುವುದು ಇಲ್ಲಿಂದ ಮುಂದೆ. ಭಾರತದ ಬಾಗಿಲು ಮುಚ್ಚಿದ ಮೇಲೆ ಅವರು ಇನ್ನೂ ಹತ್ತು ವರ್ಷ, 2010-11ರವರೆಗೆ, ಕರ್ನಾಟಕದ ಪರವಾಗಿ ಆಡಿದರು. ಅದಕ್ಕೆ ಮೊದಲೇ, 1998-99ರಲ್ಲಿ, ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದಿತ್ತು. ಚಿನ್ನಸ್ವಾಮಿ ಮೈದಾನದ ಆ ಫೈನಲಿನಲ್ಲಿ ಮಧ್ಯಪ್ರದೇಶದವರು ಪಂದ್ಯ ಡ್ರಾ ಮಾಡಿಕೊಂಡರೂ ಸಾಕಿತ್ತು. ಕೊನೆಯ ಹೊತ್ತಿನಲ್ಲಿ ವಿಜಯ ಭಾರದ್ವಾಜರ ಸ್ಪಿನ್ನಿಗೆ ಕುಸಿದರು. ಒಟ್ಟು 160 ಪ್ರಥಮ ದರ್ಜೆಯ ಪಂದ್ಯ, 615 ಹುದ್ದರಿ, 5,129 ಓಟ. ಈ ಅಂಕಿಗಳ ಹಿಂದೆ ಇರುವುದು ಚಳಿಗಾಲದ ರೋಹಟಕ್, ಧರ್ಮಶಾಲೆಗಳಂಥ ಊರುಗಳ ಬರಿದಾದ ಗ್ಯಾಲರಿಗಳು, ಎರಡನೆಯ ದರ್ಜೆಯ ಹೋಟೆಲು, ನಲವತ್ತಕ್ಕೆ ಹತ್ತಿರವಾದ ಮೊಣಕಾಲು, ಮರುದಿನ ಬೆಳಗ್ಗೆ ಮತ್ತೆ ಇಪ್ಪತ್ತು ಓವರು. ಟೆಲಿವಿಜನ್ನಿನವರು ಅಲ್ಲಿಗೆ ಬರುವುದಿಲ್ಲ. ಪತ್ರಿಕೆಗಳ ಕ್ರೀಡಾಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಸ್ಕೋರು ಬರುತ್ತದೆ. ನಾನು ಮೊದಲು ಅದನ್ನೇ ಓದುವವನು.

ಇನ್ನು ಪೂರ್ವದ ಕೊನೆಗೆ ಬರೋಣ. ನಮ್ಮ ನಾಲ್ಕು ತಾಲೂಕುಗಳು 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಆದ್ದರಿಂದ 1971ರ ನವೆಂಬರದಲ್ಲಿ ರಾಯಚೂರಿನಲ್ಲಿ ಹುಟ್ಟಿದ ಯೆರೇ ಗೌಡರನ್ನು ನಮ್ಮ ಜಿಲ್ಲೆಯವರೆಂದರೆ ಯಾರೂ ಆಕ್ಷೇಪಿಸಲಾರರು. ಜೋಶಿಯವರಿಗೆ ಟೆಸ್ಟಿನ ಬಾಗಿಲು ಅರ್ಧವಾದರೂ ತೆರೆಯಿತು. ಗೌಡರಿಗೆ ಒಮ್ಮೆಯೂ ತೆರೆಯಲಿಲ್ಲ. 1994-95ರಲ್ಲಿ ಕರ್ನಾಟಕದ ಪರವಾಗಿ ಆರಂಭಿಸಿದ ಈ ಮಧ್ಯಮ ಕ್ರಮಾಂಕದ ದಾಂಡಿಗರಿಗೆ ಇಲ್ಲಿ ಜಾಗ ಸಿಗುವುದು ಕಷ್ಟವೆಂದು ಬಹುಬೇಗ ತಿಳಿಯಿತು. ಆಗಿನ ಕರ್ನಾಟಕ ತಂಡದ ಬೆಂಚಿನ ಮೇಲೆ ಕುಳಿತವರೇ ಬೇರೆ ರಾಜ್ಯಕ್ಕೆ ಒಂದು ತಂಡವಾಗುತ್ತಿದ್ದರು. ಅವರು ರೈಲ್ವೇಸ್ ತಂಡಕ್ಕೆ ಹೋದರು.

ರೈಲ್ವೇಸ್ ಎಂಬುದು ವಿಚಿತ್ರವಾದ ತಂಡ. ಅದಕ್ಕೆ ರಾಜ್ಯವಿಲ್ಲ, ಭಾಷೆಯಿಲ್ಲ, ಕೂಗಿ ಹುರಿದುಂಬಿಸುವ ಪ್ರೇಕ್ಷಕರಿಲ್ಲ. ಇರುವುದು ನೌಕರಿ. ತಮ್ಮ ತಮ್ಮ ರಾಜ್ಯಗಳಲ್ಲಿ ಎಡೆ ಸಿಗದವರು, ಸಣ್ಣ ಊರುಗಳಿಂದ ಬಂದವರು, ಮನೆ ನಡೆಸಲು ತಿಂಗಳ ಸಂಬಳ ಬೇಕಾದವರು ಅಲ್ಲಿ ಸೇರುತ್ತಾರೆ. ಐ.ಪಿ.ಎಲ್. ಬರುವ ಮೊದಲು ನಮ್ಮ ಆಟಗಾರನ ಕಸುಬು ನಿಂತಿದ್ದೇ ಇಂಥ ನೌಕರಿಗಳ ಮೇಲೆ. ಬೆಂಗಳೂರಿನವನಿಗೆ ಬ್ಯಾಂಕು, ಕಾರ್ಖಾನೆಗಳ ತಂಡವಿತ್ತು, ಇತರರಿಗೆ ರೈಲ್ವೆ. ಆ ತಂಡ ದೆಹಲಿಯ ಕರ್ನೈಲ್ ಸಿಂಗ್ ಮೈದಾನದಲ್ಲಿ ಹಲವು ದಶಕ ಆಡಿಯೂ ರಣಜಿ ಗೆದ್ದಿರಲಿಲ್ಲ. 2001-02ರಲ್ಲಿ ಬರೋಡವನ್ನು ಸೋಲಿಸಿ ಮೊದಲ ಬಾರಿ ಗೆದ್ದಿತು. 2004-05ರಲ್ಲಿ ಪಂಜಾಬನ್ನು ಸೋಲಿಸಿ ಮತ್ತೆ. ಆ ವರ್ಷಗಳಲ್ಲಿ ತಂಡದ ಬೆನ್ನೆಲುಬಾಗಿ ನಿಂತವರಲ್ಲಿ ಸಂಜಯ ಬಾಂಗರ್ ಒಬ್ಬರು, ರಾಯಚೂರಿನ ಗೌಡರೊಬ್ಬರು. ಅವರ ಆಟ ನೋಡುವವರಿಗೆ ಹಬ್ಬವಲ್ಲ. ಚೆಂಡನ್ನು ಬಿಡುವುದು, ತಡೆಯುವುದು, ಮತ್ತೆ ಬಿಡುವುದು, ಎದುರಾಳಿ ದಣಿಯುವವರೆಗೆ. ರೈಲ್ವೇಸಿನ ದ್ರಾವಿಡ್ ಎಂದು ಅವರನ್ನು ಕರೆಯುತ್ತಿದ್ದರು. ದ್ರಾವಿಡರಿಗೇ ಜಾಗವಿರುವ ತಂಡದಲ್ಲಿ ಇನ್ನೊಬ್ಬ ದ್ರಾವಿಡರನ್ನು ಯಾರು ಆಡಿಸುತ್ತಾರೆ? ನೂರಕ್ಕೂ ಹೆಚ್ಚು ಪ್ರಥಮ ದರ್ಜೆಯ ಪಂದ್ಯ, 7,000ಕ್ಕೂ ಮೀರಿದ ಓಟ, 45ರ ಆಸುಪಾಸಿನ ಸರಾಸರಿ. ಭಾರತದ ಟೋಪಿ ಮಾತ್ರ ಇಲ್ಲ.

2006ರ ಋತುವಿಗೆ ಗೌಡರು ಕರ್ನಾಟಕಕ್ಕೆ ಮರಳಿದರು, ತಂಡದ ನಾಯಕರಾದರು. ಬೆಂಗಳೂರಿನ ತಂಡವೆಂದು ನಾವು ಗೊಣಗುವ ಆ ತಂಡವನ್ನು ರಾಯಚೂರಿನಲ್ಲಿ ಹುಟ್ಟಿದವರು ನಡೆಸುತ್ತಿದ್ದರು. ಅದರಲ್ಲಿ ಗದಗಿನವರು ಚೆಂಡು ತಿರುಗಿಸುತ್ತಿದ್ದರು. ಇಬ್ಬರೂ ಮೂವತ್ತೈದರ ಆಸುಪಾಸಿನವರು. ಆ ಕಾಲದ ಎಳೆಯ ಆಟಗಾರರು ಇವರಿಂದ ಏನು ಕಲಿತರೆಂಬುದು ಯಾವ ಸ್ಕೋರು ಪುಸ್ತಕದಲ್ಲೂ ಇಲ್ಲ. 2018ರಲ್ಲಿ ಗೌಡರು ಕರ್ನಾಟಕ ತಂಡದ ತರಬೇತುದಾರರಾದ ಮೇಲೆ ಆ ತಂಡ ಸೈಯದ್ ಮುಷ್ತಾಕ್ ಅಲಿ, ವಿಜಯ್ ಹಜಾರೆ ಟ್ರೋಫಿಗಳನ್ನು ಗೆದ್ದದ್ದು ಮಾತ್ರ ದಾಖಲೆಯಾಗಿದೆ.

ಜೋಶಿಯವರೂ ಆಟ ಬಿಟ್ಟ ಮೇಲೆ ಕಸುಬು ಬಿಡಲಿಲ್ಲ. ಜಮ್ಮು-ಕಾಶ್ಮೀರದ ತಂಡಕ್ಕೆ ತರಬೇತುದಾರರಾಗಿ ಹೋದರು. 2014ರ ಪ್ರವಾಹ ಶ್ರೀನಗರದ ಮೈದಾನವನ್ನೇ ನುಂಗಿದ್ದ ವರ್ಷವದು. ಅಭ್ಯಾಸಕ್ಕೆ ನೆಲವಿಲ್ಲದ ಆ ತಂಡ ಡಿಸೆಂಬರದಲ್ಲಿ ಮುಂಬಯಿಯ ವಾಂಖೆಡೆಯಲ್ಲಿ, ನಲವತ್ತು ಸಲ ರಣಜಿ ಗೆದ್ದಿದ್ದ ಮುಂಬಯಿಯನ್ನು ಸೋಲಿಸಿತು. ನೆಲವಿಲ್ಲದವರ ಕಷ್ಟ ಗದಗಿನವರಿಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು? ಅನಂತರ ಓಮಾನ್, ಅನಂತರ ತಮಗೆ ಕೊನೆಯ ದೊಡ್ಡ ಗೌರವ ತಂದುಕೊಟ್ಟ ಬಾಂಗ್ಲಾದೇಶದ ಸ್ಪಿನ್ನರರಿಗೇ ಗುರುಗಳಾದರು. 2020ರ ಮಾರ್ಚಿಯಲ್ಲಿ ಅವರನ್ನು ಭಾರತದ ಆಯ್ಕೆ ಮಂಡಳಿಯ ಅಧ್ಯಕ್ಷರನ್ನಾಗಿ ನೇಮಿಸಿದರು. 2001ರಲ್ಲಿ ಮೂರು ಸಲ ಬಿಟ್ಟುಹೋದ ಹೆಸರಿನವರು ಹೆಸರು ಬರೆಯುವ ಕುರ್ಚಿಯಲ್ಲಿ ಕುಳಿತರು. ಆ ವರ್ಷದ ಡಿಸೆಂಬರದವರೆಗೆ ಆ ಪೀಠ ಅವರದಾಗಿತ್ತು.

ನಮ್ಮ ಕಡೆ ಚಾವಡಿಯಲ್ಲಿ ಕ್ರಿಕೆಟ್ಟಿನ ಮಾತು ಬಂದರೆ ಬೆಂಗಳೂರಿನವರು ನಮ್ಮವರನ್ನು ಬೆಳೆಯಗೊಡುವುದಿಲ್ಲ ಎಂಬ ದೂರು ಬಂದೇ ಬರುತ್ತದೆ. ಈ ಇಬ್ಬರ ಚರಿತ್ರೆ ನೋಡಿದ ಮೇಲೆ ಆ ದೂರನ್ನು ನಾನು ಪೂರ್ತಿ ಒಪ್ಪಲಾರೆ. ಬೆಂಗಳೂರು ಇಬ್ಬರನ್ನೂ ನಾಯಕರನ್ನಾಗಿ ಮಾಡಿತು. ಆದರೆ ಬೆಂಗಳೂರಿನ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದು ನಿಲ್ಲುವ ಹೊಣೆಯನ್ನು ಅದು ಹುಡುಗನ ಕಾಲುಗಳ ಮೇಲೆಯೇ ಹೊರಿಸಿತು. ಬಿಜಾಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ಓಟಕ್ಕೆ 5 ಹುದ್ದರಿ ಪಡೆದರು. ಅವರದೂ ಎಡಗೈ ಸ್ಪಿನ್ನೇ. ಬಿಜಾಪುರವೂ ಹಳಿಯ ಮೇಲಿನ ಊರು.

ಆ ಹಳಿ ಈಗ ನಮ್ಮ ಕಡೆಗೂ ತಿರುಗಿದೆ. ಗಿಣಿಗೇರಿಯಿಂದ ಕವಲೊಡೆದ ಹೊಸ ಮಾರ್ಗದಲ್ಲಿ 2019ರಲ್ಲಿ ಗಂಗಾವತಿಗೆ ರೈಲು ಬಂತು. ಅದು ಮುಂದೆ ಕಾರಟಗಿ, ಸಿಂಧನೂರುಗಳನ್ನು ದಾಟಿ ರಾಯಚೂರಿನ ಕಡೆಗೆ ಮುಖ ಮಾಡಿದೆ. ಗದಗು-ವಾಡಿ ಮಾರ್ಗದಲ್ಲಿ ತಳಕಲ್ಲಿನಿಂದ ಉತ್ತರಕ್ಕೆ ಹೊರಟ ಹಳಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯನ್ನು ಮುಟ್ಟಿತು. ಆ ರೈಲು ಕುಷ್ಟಗಿಯಿಂದ ಹೊರಟು, ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವೆ ಹಾದು, ಗದಗಿನ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ.